ಗೇಮಿಂಗ್ ಪಿಸಿ ಜೋಡಿಸುವಾಗ ಎಲ್ಲಿ ಖರ್ಚು ಮಾಡಬೇಕು, ಎಲ್ಲಿ ಉಳಿಸಬಹುದು

“ಎಪ್ಪತ್ತು ಸಾವಿರ ಇದೆ ಸರ್, ಐ7 ಹಾಕಿಸ್ಲಾ, ರೈಜೆನ್ ಹಾಕಿಸ್ಲಾ?” ಗೇಮಿಂಗ್ ಪಿಸಿ ಜೋಡಿಸಲು ಹೊರಟವರು ಕೇಳುವ ಮೊದಲ ಪ್ರಶ್ನೆ ಬಹುಮಟ್ಟಿಗೆ ಇದೇ. ಕೆಲವರ ಕೈಯಲ್ಲಿ ಆಗಲೇ ಬೆಂಗಳೂರಿನ ಎಸ್.ಪಿ. ರೋಡಿನ ಎರಡು ಮೂರು ಅಂಗಡಿಗಳ ಕೊಟೇಶನ್ ಇರುತ್ತದೆ. ಪ್ರಾಸೆಸರ್ ಮೊದಲ ಸಾಲಿನಲ್ಲಿ, ಎಸ್‌ಎಂಪಿಎಸ್ (ಪಿಸಿಗೆ ಕರೆಂಟ್ ಕೊಡುವ ಪೆಟ್ಟಿಗೆ) ಕೊನೆಯ ಸಾಲಿನಲ್ಲಿ, ಅದೂ ಕಂಪನಿಯ ಹೆಸರಿಲ್ಲದೆ ಬರೀ “450 ವ್ಯಾಟ್” ಎಂದು. ಈ ಕ್ರಮದಲ್ಲೇ ಹಣ ಹಂಚಿದರೆ ಪ್ರಾಸೆಸರಿಗೆ ಜಾಸ್ತಿಯಾಗಿ, ಆಟವನ್ನು ನಿಜವಾಗಿ ಓಡಿಸುವ ಗ್ರಾಫಿಕ್ಸ್ ಕಾರ್ಡಿಗೂ, ಇಡೀ ಪಿಸಿಯನ್ನು ಕಾಯುವ ಎಸ್‌ಎಂಪಿಎಸ್‌ಗೂ ಕೊರತೆ ಬೀಳುತ್ತದೆ.

ಹಾಗಾಗಿ ಭಾಗಗಳ ಹೆಸರಿಗೆ ಹೋಗುವ ಮುನ್ನ ನಾಲ್ಕು ವಿಷಯ ತೀರ್ಮಾನ ಮಾಡಿಕೊಳ್ಳಿ. ಯಾವ ಆಟ ಆಡುತ್ತೀರಿ, ಎಂಥ ಮಾನಿಟರ್ ಮೇಲೆ. ಎರಡು ವರ್ಷ ಬಿಟ್ಟು ಯಾವ ಭಾಗ ಬದಲಾಯಿಸಬೇಕೆಂದಿದ್ದೀರಿ. ಮನೆಯ ಕರೆಂಟು ಹೇಗಿದೆ, ಊರಿನ ಬೇಸಿಗೆ ಹೇಗಿದೆ. ಕೆಟ್ಟರೆ ವಾರಂಟಿಗೆ ಎಲ್ಲಿಗೆ ಹೊತ್ತುಕೊಂಡು ಹೋಗಬೇಕು. ಇವುಗಳಲ್ಲಿ ಎರಡನೆಯದಕ್ಕೆ ನಾನು ಹೆಚ್ಚು ಬೆಲೆ ಕೊಡುತ್ತೇನೆ. ರ‍್ಯಾಮ್, ಎಸ್‌ಎಸ್‌ಡಿ, ಗ್ರಾಫಿಕ್ಸ್ ಕಾರ್ಡು ಹತ್ತು ನಿಮಿಷದಲ್ಲಿ ಬದಲಾಗುತ್ತವೆ. ಮದರ್‌ಬೋರ್ಡು ಮತ್ತು ಎಸ್‌ಎಂಪಿಎಸ್ ಬದಲಾಯಿಸಬೇಕೆಂದರೆ ಇಡೀ ಪಿಸಿ ಬಿಚ್ಚಬೇಕು. ಸುಲಭವಾಗಿ ಬದಲಾಗುವುದರಲ್ಲಿ ಉಳಿಸಿ, ಬಿಚ್ಚಬೇಕಾದದ್ದರಲ್ಲಿ ಉಳಿಸಬೇಡಿ.

ಮಾನಿಟರ್ ಮೊದಲು

1080ಪಿ ಪರದೆಯಲ್ಲಿ ಸುಮಾರು 20.7 ಲಕ್ಷ ಪಿಕ್ಸೆಲ್ ಇರುತ್ತವೆ. 1440ಪಿ ಪರದೆಯಲ್ಲಿ 36.9 ಲಕ್ಷ, 4ಕೆಯಲ್ಲಿ 83 ಲಕ್ಷ. ಗ್ರಾಫಿಕ್ಸ್ ಕಾರ್ಡಿನ ಕೆಲಸ ಹೆಚ್ಚುಕಡಿಮೆ ಇದೇ ಲೆಕ್ಕದಲ್ಲಿ ಏರುತ್ತದೆ. ಪ್ರಾಸೆಸರಿನ ಕೆಲಸ ಹಾಗೆ ಏರುವುದಿಲ್ಲ. ಸೆಕೆಂಡಿಗೆ ಎಷ್ಟು ಫ್ರೇಮ್ ಬೇಕು ಎನ್ನುವುದರ ಮೇಲೆ ಅದು ನಿಂತಿದೆ.

ವ್ಯಾಲೊರಂಟ್, ಕೌಂಟರ್‌ಸ್ಟ್ರೈಕ್ 2 ಆಡುವ ಹುಡುಗನಿಗೆ 1080ಪಿಯ 144 ಅಥವಾ 180 ಹರ್ಟ್ಸ್ (ಸೆಕೆಂಡಿಗೆ ಅಷ್ಟು ಸಲ ಚಿತ್ರ ಬದಲಿಸುವ) ಮಾನಿಟರ್ ಬೇಕು. ಅವನ ಹಣ ಒಳ್ಳೆಯ ಪ್ರಾಸೆಸರ್ ಮತ್ತು ವೇಗದ ರ‍್ಯಾಮ್ ಕಡೆ ಹೋಗಲಿ, ಕಾರ್ಡು ಮಧ್ಯಮದ್ದಾದರೂ ನಡೆಯುತ್ತದೆ. ಸೈಬರ್‌ಪಂಕ್ 2077ನಂಥ ಕಥೆಯಿರುವ, ನೋಡಲು ಚೆಂದದ ಆಟಗಳನ್ನು ನಿಧಾನವಾಗಿ ಆಡುವವರದು ತದ್ವಿರುದ್ಧ ಲೆಕ್ಕ: ಆರು ಕೋರಿನ ಸಾಧಾರಣ ಪ್ರಾಸೆಸರ್ ಸಾಕು, ಉಳಿದದ್ದೆಲ್ಲ ಕಾರ್ಡಿಗೆ. ಅಣ್ಣ ತಮ್ಮ ಇಬ್ಬರೂ ಒಂದೇ ಪಿಸಿ ಹಂಚಿಕೊಳ್ಳುವ ಮನೆಯಲ್ಲಿ ಈ ಎರಡೂ ಬಗೆ ಇರುತ್ತದೆ. ಆಗ ಕಾರ್ಡಿನ ಕಡೆಗೇ ವಾಲಿ. ಯಾಕೆಂದರೆ ಕಾರ್ಡಿಗೆ ಶಕ್ತಿ ಸಾಲದೆ ಹೋದರೆ ಆ ಆಟ ಆಡುವುದೇ ಆಗುವುದಿಲ್ಲ. ಪ್ರಾಸೆಸರ್ ಕೊಂಚ ಹಿಂದೆ ಬಿದ್ದರೆ 200 ಫ್ರೇಮ್ ಬರುವಲ್ಲಿ 150 ಬರುತ್ತದೆ, ಅಷ್ಟೆ.

ಗ್ರಾಫಿಕ್ಸ್ ಕಾರ್ಡು: 8 ಜಿಬಿಯೋ, 16 ಜಿಬಿಯೋ

ಒಟ್ಟು ಬಜೆಟ್ಟಿನಲ್ಲಿ ಶೇ. 35ರಿಂದ 45ರಷ್ಟು ಕಾರ್ಡಿಗೆ ಇಡಿ. ಮಧ್ಯಮ ಬಜೆಟ್ಟಿನವರ ಮುಂದೆ ಇವತ್ತು ಸಾಮಾನ್ಯವಾಗಿ ಬರುವ ಹೆಸರುಗಳು ಇವು: ಎನ್‌ವಿಡಿಯಾದ ಆರ್‌ಟಿಎಕ್ಸ್ 5060 ಮತ್ತು 5060 ಟಿಐ, ಎಎಂಡಿಯ ಆರ್‌ಎಕ್ಸ್ 9060 ಎಕ್ಸ್‌ಟಿ, ಇಂಟೆಲ್‌ನ ಆರ್ಕ್ ಬಿ580.

5060ರಲ್ಲಿ ಇರುವುದು 8 ಜಿಬಿ ಮೆಮೊರಿ ಮಾತ್ರ. 1080ಪಿ ಪರದೆಗೆ, ಟೆಕ್ಸ್ಚರನ್ನು ಒಂದು ಹಂತ ಇಳಿಸಿಕೊಳ್ಳಲು ಬೇಸರವಿಲ್ಲದವರಿಗೆ ಇದು ಒಳ್ಳೆಯ ಕಾರ್ಡು. ಕರೆಂಟೂ ಕಡಿಮೆ, 145 ವ್ಯಾಟ್. ಆದರೆ ಮೆಮೊರಿ ತುಂಬಿದಾಗ ಆಗುವುದು ನಿಧಾನವಷ್ಟೇ ಅಲ್ಲ. ಆಟದಲ್ಲಿ ಬೀದಿಯ ತಿರುವು ದಾಟಿದ ಕೂಡಲೇ ಅರ್ಧ ಸೆಕೆಂಡು ಚಿತ್ರ ನಿಂತು ಬಿಡುತ್ತದೆ, ಎದುರಿನ ಗೋಡೆ ಕೆಲಹೊತ್ತು ಮಸುಕಾಗಿಯೇ ಇದ್ದು ಆಮೇಲೆ ಸ್ಪಷ್ಟವಾಗುತ್ತದೆ. ಸರಾಸರಿ ಫ್ರೇಮ್ ಸಂಖ್ಯೆ ಚೆನ್ನಾಗಿಯೇ ತೋರಿಸುವುದರಿಂದ ವಿಡಿಯೊ ಪರೀಕ್ಷೆಗಳಲ್ಲಿ ಇದು ಕಣ್ಣಿಗೆ ಬೀಳದೆಯೂ ಹೋಗಬಹುದು.

ಇನ್ನೊಂದು ಅಂಶ: 5060 ಮತ್ತು 5060 ಟಿಐ ಎರಡೂ ಕಾರ್ಡು ಕೂರುವ ಪಿಸಿಐಇ ಸ್ಲಾಟಿನಲ್ಲಿ ಎಂಟೇ ಲೇನ್ (ಮಾಹಿತಿ ಓಡಾಡುವ ದಾರಿ) ಬಳಸುತ್ತವೆ. ಬಿ450, ಎ520ರಂಥ ಬೋರ್ಡುಗಳಲ್ಲಿ ಹಳೆಯ, ನಿಧಾನದ ಪಿಸಿಐಇ 3.0 ಮಾತ್ರ ಇರುವುದರಿಂದ, 8 ಜಿಬಿ ತುಂಬಿ ಮಾಹಿತಿ ಮುಖ್ಯ ರ‍್ಯಾಮಿಗೆ ಹೋಗಿ ಬರುವ ದಾರಿ ಅಲ್ಲಿ ಇನ್ನಷ್ಟು ಇಕ್ಕಟ್ಟು. ಹಳೆಯ ಬೋರ್ಡಿಗೆ ಹೊಸ ಕಾರ್ಡು ಹಾಕಲು ಹೊರಟವರು ಇದನ್ನು ಗಮನಿಸಲೇಬೇಕು. 9060 ಎಕ್ಸ್‌ಟಿ ಹದಿನಾರೂ ಲೇನ್ ಬಳಸುತ್ತದೆ. ಆದ್ದರಿಂದ ಹಳೆ ಬೋರ್ಡಿನವರಿಗೆ ಅದರ 16 ಜಿಬಿ ಆವೃತ್ತಿಯೇ ನನ್ನ ಸಲಹೆ. ಹೊಸದಾಗಿ ಜೋಡಿಸುವವರಲ್ಲೂ ಬರೀ ಆಟಕ್ಕಾಗಿ ಕೊಳ್ಳುವವರಿಗೆ, ನಾಲ್ಕೈದು ವರ್ಷ ಕಾರ್ಡು ಬದಲಾಯಿಸುವ ಯೋಚನೆ ಇಲ್ಲದವರಿಗೆ, ನನ್ನ ಮೊದಲ ಆಯ್ಕೆ ಅದೇ.

ಹಾಗಾದರೆ ಎನ್‌ವಿಡಿಯಾ ಯಾರಿಗೆ? ಎಂಜಿನಿಯರಿಂಗ್ ಓದುತ್ತಾ ಮಷೀನ್ ಲರ್ನಿಂಗ್ ಪ್ರಾಜೆಕ್ಟ್ ಮಾಡುವವರಿಗೆ, ಬ್ಲೆಂಡರ್ ಕಲಿಯುವವರಿಗೆ. ಅಲ್ಲಿ ಎನ್‌ವಿಡಿಯಾದ ಕುಡಾ ತಂತ್ರಾಂಶ ಇದ್ದರೆ ಅರ್ಧ ತಲೆನೋವು ತಪ್ಪುತ್ತದೆ. ಅವರು 5060 ಟಿಐ 16 ಜಿಬಿಗೆ ಹೆಚ್ಚು ಹಣ ಕೊಟ್ಟರೂ ಅದಕ್ಕೆ ಅರ್ಥವಿದೆ. ಇಲ್ಲೊಂದು ಎಚ್ಚರಿಕೆ: 5060 ಟಿಐ ಮತ್ತು 9060 ಎಕ್ಸ್‌ಟಿ ಎರಡೂ 8 ಜಿಬಿ, 16 ಜಿಬಿ ಎಂದು ಎರಡೆರಡು ಬಗೆಯಲ್ಲಿ ಬರುತ್ತವೆ, ಹೆಸರು ಮಾತ್ರ ಒಂದೇ. ಕೊಟೇಶನ್ನಿನಲ್ಲಿ ಎಷ್ಟು ಜಿಬಿ ಎಂದು ಬರೆಸಿಕೊಳ್ಳಿ, ಡಬ್ಬಿಯ ಮೇಲೂ ಓದಿ.

ಆರ್ಕ್ ಬಿ580ನಲ್ಲಿ 12 ಜಿಬಿ ಇದೆ, ಕೊಡುವ ಹಣಕ್ಕೆ ಅದು ಬಹಳ. ಆದರೆ ಬೋರ್ಡಿನಲ್ಲಿ ರೀಸೈಜಬಲ್ ಬಾರ್ (ಕಾರ್ಡಿನ ಇಡೀ ಮೆಮೊರಿಯನ್ನು ಪ್ರಾಸೆಸರ್ ಒಮ್ಮೆಗೇ ಮುಟ್ಟಲು ಬಿಡುವ ಸೆಟ್ಟಿಂಗ್) ಚಾಲೂ ಇರಲೇಬೇಕು, ಜೊತೆಗೆ ಪ್ರಾಸೆಸರ್ ಹೊಸದಿರಬೇಕು. ಹಳೆಯ ಪ್ರಾಸೆಸರುಗಳ ಜೊತೆ ಅದರ ಡ್ರೈವರ್ ಭಾರವಾಗಿ ಫ್ರೇಮ್ ಇಳಿಯುವುದನ್ನು ಹಲವರು ಅಳೆದು ತೋರಿಸಿದ್ದಾರೆ. ಹಳೆ ಪಿಸಿಗೆ ಅಗ್ಗದ ಕಾರ್ಡು ಹುಡುಕುವವರ ಕೈಗೆ ಮೊದಲು ಸಿಗುವುದು ಇದೇ, ಅವರಿಗೆ ಹೊಂದದಿರುವುದೂ ಇದೇ.

ಸೆಕೆಂಡ್ ಹ್ಯಾಂಡ್ ಬಗ್ಗೆ ಎರಡು ಮಾತು. ಕಾರ್ಡುಗಳ ಮೇಲೆ ನಡೆಯುತ್ತಿದ್ದ ಇಥೀರಿಯಂ ಎಂಬ ಕ್ರಿಪ್ಟೊ ಹಣದ ಮೈನಿಂಗ್ 2022ರ ಸೆಪ್ಟೆಂಬರ್‌ನಲ್ಲಿ ನಿಂತ ಮೇಲೆ ಹಗಲು ರಾತ್ರಿ ಓಡಿದ ಕಾರ್ಡುಗಳು ಮಾರುಕಟ್ಟೆಗೆ ಬಂದವು. ಆರ್‌ಎಕ್ಸ್ 580 ಹೆಸರಿನಲ್ಲಿ ಸಿಗುವ ಹಲವು ಕಾರ್ಡುಗಳು 2048ಎಸ್‌ಪಿ ಎಂಬ ಕಡಿತಗೊಳಿಸಿದ ಬಗೆಯವು. ಅಸಲಿ 580ರಲ್ಲಿ ಎಸ್‌ಪಿ (ಲೆಕ್ಕ ಮಾಡುವ ಘಟಕ) 2304 ಇರುತ್ತವೆ. ಇನ್ನು 2024ರ ಕೊನೆಗೆ ಬಂದ ಇಂಡಿಯಾನಾ ಜೋನ್ಸ್, 2025ರ ಡೂಮ್ ಆಟಗಳಿಗೆ ರೇ ಟ್ರೇಸಿಂಗ್ (ಬೆಳಕಿನ ದಾರಿ ಲೆಕ್ಕ ಹಾಕುವ) ಹಾರ್ಡ್‌ವೇರ್ ಕಡ್ಡಾಯ. 580 ಆಗಲಿ, ಜಿಟಿಎಕ್ಸ್ 1660 ಆಗಲಿ ಅಲ್ಲಿ ಲೆಕ್ಕಕ್ಕಿಲ್ಲ. ಹಳೆಯದು ಬೇಕೇ ಬೇಕೆಂದರೆ ವಾರಂಟಿ ಬಾಕಿ ಇರುವ, ಬಿಲ್ಲಿರುವ ಆರ್‌ಎಕ್ಸ್ 6600 ಅಥವಾ ಆರ್‌ಟಿಎಕ್ಸ್ 3060 12 ಜಿಬಿ ಹುಡುಕಿ.

ಪ್ರಾಸೆಸರ್ ಮತ್ತು ಬೋರ್ಡು

ಇಲ್ಲಿ ಮೂರು ದಾರಿ. ಎಎಂಡಿಯ ಹಳೆಯ ಎಎಂ4 ಸಾಕೆಟ್ (ಬೋರ್ಡಿನಲ್ಲಿ ಪ್ರಾಸೆಸರ್ ಕೂರುವ ಜಾಗ), ಹೊಸ ಎಎಂ5, ಇಂಟೆಲ್‌ನ 12ನೇ ತಲೆಮಾರು.

ಎಎಂ5 ಬೋರ್ಡಿಗೆ ಹೊಸ ಬಗೆಯ ಡಿಡಿಆರ್5 ರ‍್ಯಾಮೇ ಆಗಬೇಕು. ರೈಜೆನ್ 5 7600 ಅಥವಾ 7500ಎಫ್ ಹಾಕಿ ಬಿ650 ಬೋರ್ಡು ಕೊಂಡರೆ, ಮುಂದೆ ಪ್ರಾಸೆಸರ್ ಒಂದನ್ನೇ ಬದಲಿಸಿ, ಹೆಚ್ಚುವರಿ ಕ್ಯಾಶ್ (ಪ್ರಾಸೆಸರ್ ಒಳಗಿನ ವೇಗದ ಮೆಮೊರಿ) ಇರುವ ಎಕ್ಸ್3ಡಿ ಸರಣಿಗೆ ಏರಬಹುದು. ಈ ಸಾಕೆಟ್ಟಿಗೆ 2027ರವರೆಗೂ, ಅದರಾಚೆಗೂ ಬೆಂಬಲ ಕೊಡುವುದಾಗಿ ಎಎಂಡಿ ಹೇಳಿದೆ. ಎರಡು ವರ್ಷದ ಹಿಂದೆ ಕೇಳಿದ್ದರೆ ಯೋಚನೆ ಮಾಡದೆ ಇದನ್ನೇ ಹೇಳುತ್ತಿದ್ದೆ.

ಈಗ ರ‍್ಯಾಮಿನ ಬೆಲೆ ಲೆಕ್ಕವನ್ನೆಲ್ಲ ತಲೆಕೆಳಗೆ ಮಾಡಿದೆ. 2025ರ ಕೊನೆಯ ತಿಂಗಳುಗಳಲ್ಲಿ ಎಐ ಡೇಟಾ ಸೆಂಟರ್‌ಗಳ ಬೇಡಿಕೆಯಿಂದ ಮೆಮೊರಿ ಚಿಪ್ಪಿನ ದರ ಏರತೊಡಗಿತು. ಡಿಸೆಂಬರ್‌ನಲ್ಲಿ ಮೈಕ್ರಾನ್ ಕಂಪನಿ ಜನಸಾಮಾನ್ಯರಿಗೆ ಮಾರುತ್ತಿದ್ದ ತನ್ನ ಕ್ರೂಷಿಯಲ್ ಬ್ರ್ಯಾಂಡನ್ನೇ ನಿಲ್ಲಿಸುವುದಾಗಿ ಘೋಷಿಸಿತು. ಹೀಗಾಗಿ ಹೊಸ ಪಿಸಿ ಜೋಡಿಸುವ ಮೊದಲು ಮನೆಯಲ್ಲಿ, ಅಣ್ಣನ ಹಳೆ ಪಿಸಿಯಲ್ಲಿ, ಹಿಂದಿನ ಬಗೆಯ ಡಿಡಿಆರ್4 ರ‍್ಯಾಮ್ ಇದೆಯೇ ನೋಡಿ. ಇದ್ದರೆ ಎಎಂ4ನ ರೈಜೆನ್ 5 5600 ಅಥವಾ ಇಂಟೆಲ್ ಐ5-12400ಎಫ್ ಮತ್ತೆ ಲೆಕ್ಕಕ್ಕೆ ಬರುತ್ತವೆ. ಎರಡೂ ಆರು ಕೋರು, ಹನ್ನೆರಡು ಥ್ರೆಡ್‌ನವು. 60 ಹರ್ಟ್ಸ್‌ನಿಂದ 144 ಹರ್ಟ್ಸ್‌ವರೆಗಿನ ಆಟಕ್ಕೆ ಇವತ್ತಿಗೂ ಸಾಲುತ್ತವೆ. ರೈಜೆನ್ 2600 ಇಟ್ಟುಕೊಂಡವರಂತೂ ಹೊಸ ಬೋರ್ಡು ಕೊಳ್ಳಲೇಬೇಡಿ. ಬಯಾಸ್ (ಬೋರ್ಡಿನ ಮೂಲ ತಂತ್ರಾಂಶ) ಅಪ್‌ಡೇಟ್ ಮಾಡಿ ಅದೇ ಬೋರ್ಡಿನ ಮೇಲೆ 5600 ಕೂರಿಸಿ, ಉಳಿದ ಹಣವನ್ನು ಕಾರ್ಡಿಗೆ ಹಾಕಿ.

5600 ಕೇಳಿದಾಗ ಅಂಗಡಿಯಲ್ಲಿ “5500 ತಗೊಳ್ಳಿ, ಎರಡೂ ಒಂದೇ” ಎಂದರೆ ಒಪ್ಪಬೇಡಿ. 5600ರಲ್ಲಿ 32 ಎಂಬಿ ಎಲ್3 ಕ್ಯಾಶ್, ಪಿಸಿಐಇ 4.0. 5500ರಲ್ಲಿ 16 ಎಂಬಿ, ಪಿಸಿಐಇ 3.0. ಆಟದಲ್ಲಿ ಈ ವ್ಯತ್ಯಾಸ ಕಾಣುತ್ತದೆ. ಇಂಟೆಲ್ ಹೆಸರಿನ ಕೊನೆಗಿರುವ “ಎಫ್” ಎಂದರೆ ಒಳಗೆ ಗ್ರಾಫಿಕ್ಸ್ ಇಲ್ಲ ಎಂದು. ಕಾರ್ಡು ಸರ್ವಿಸ್‌ಗೆ ಹೋದ ವಾರಗಳಲ್ಲಿ ಪಿಸಿ ಪರದೆಯನ್ನೇ ತೋರಿಸುವುದಿಲ್ಲ. ಅದೇ ಪಿಸಿಯಲ್ಲಿ ಮಕ್ಕಳ ಓದು, ಮನೆಯವರ ಆಫೀಸ್ ಕೆಲಸ ನಡೆಯುವುದಾದರೆ ಎಫ್ ಇಲ್ಲದ್ದು ಅಥವಾ ರೈಜೆನ್ 7600 ನೆಮ್ಮದಿ. 13, 14ನೇ ತಲೆಮಾರಿನ ದೊಡ್ಡ ಇಂಟೆಲ್ ಚಿಪ್ಪುಗಳನ್ನು ಸೆಕೆಂಡ್ ಹ್ಯಾಂಡ್ ಕೊಳ್ಳುವುದು ಬೇಡ. ವೋಲ್ಟೇಜ್ ದೋಷದಿಂದ ಅವು ಹಾಳಾಗುತ್ತಿದ್ದವು. 2024ರಲ್ಲಿ ಇಂಟೆಲ್ ಮೈಕ್ರೊಕೋಡ್ ಸರಿಪಡಿಸಿ ವಾರಂಟಿ ಎರಡು ವರ್ಷ ಹೆಚ್ಚಿಸಿತು. ಆದರೆ ಅದಕ್ಕೂ ಮೊದಲೇ ಹಾನಿಯಾದ ಚಿಪ್ಪನ್ನು ಅಪ್‌ಡೇಟ್ ಉಳಿಸಲಾರದು.

ರ‍್ಯಾಮ್ 16 ಜಿಬಿ ಕನಿಷ್ಠ. ಕಾರ್ಡು ಬೇರೆ ಇದ್ದು, ಈಗ ಹಣ ಇಕ್ಕಟ್ಟಾಗಿದ್ದರೆ 16 ಜಿಬಿಯ ಒಂದೇ ಸ್ಟಿಕ್ ಹಾಕಿ, ಕೊಂಚ ಫ್ರೇಮ್ ಬಿಟ್ಟುಕೊಟ್ಟು, ದರ ಇಳಿದಾಗ ಅದರದೇ ಜೋಡಿ ಸೇರಿಸಬಹುದು. ಎಎಂ5ನಲ್ಲಿ ನಾಲ್ಕು ಸ್ಟಿಕ್ ತುಂಬಿದರೆ ವೇಗ ಇಳಿಯುವುದರಿಂದ ಎರಡರಲ್ಲೇ ಮುಗಿಸುವ ಲೆಕ್ಕ ಇರಲಿ. ಎಸ್‌ಎಸ್‌ಡಿ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ: ಹೆಸರಿರುವ ಕಂಪನಿಯ 1 ಟಿಬಿ ಎನ್‌ವಿಎಂಇ ಯಾವುದಾದರೂ ಸರಿ.

ಎಸ್‌ಎಂಪಿಎಸ್, ಅರ್ಥಿಂಗ್, ಯುಪಿಎಸ್

ಎಲ್ಲರೂ ಉಳಿಸಲು ನೋಡುವುದು ಇಲ್ಲೇ, ನಾನು ಬಿಡಿಸಿ ಹೇಳಬೇಕೆಂದಿರುವುದೂ ಇದನ್ನೇ.

ಎಸ್‌ಎಂಪಿಎಸ್ ಪಕ್ಕದಲ್ಲಿ ಒಂದು ಸ್ಟಿಕ್ಕರ್ ಇರುತ್ತದೆ. ಅದರಲ್ಲಿ +12ವಿ ಎಂಬ ಕಾಲಮ್ಮಿನ ಕೆಳಗೆ ಆಂಪಿಯರ್ ಬರೆದಿರುತ್ತದೆ. ಕಾರ್ಡು, ಪ್ರಾಸೆಸರ್ ಎರಡೂ ಕುಡಿಯುವುದು ಆ 12 ವೋಲ್ಟನ್ನೇ. ಅಲ್ಲಿ 45ಎ ಎಂದಿದ್ದರೆ 12 × 45 = 540 ವ್ಯಾಟ್ ನಿಜವಾಗಿ ಸಿಗುತ್ತದೆ. ಡಬ್ಬಿಯ ಮೇಲೆ ದೊಡ್ಡದಾಗಿ 450 ಎಂದು ಬರೆದು, ಸ್ಟಿಕ್ಕರಿನಲ್ಲಿ 18ಎ ಎಂದಿದ್ದರೆ ಸಿಗುವುದು 216 ವ್ಯಾಟ್ ಮಾತ್ರ. ಕ್ಯಾಬಿನೆಟ್ ಜೊತೆ “ಫ್ರೀ” ಬರುವ ಎಸ್‌ಎಂಪಿಎಸ್‌ನಲ್ಲಿ ಮೊದಲು ನೋಡಬೇಕಾದದ್ದು ಇದು. 80 ಪ್ಲಸ್ ಗುರುತು ಕರೆಂಟ್ ಎಷ್ಟು ವ್ಯರ್ಥವಾಗುತ್ತದೆ ಎಂಬುದನ್ನಷ್ಟೇ ಹೇಳುತ್ತದೆ, ರಕ್ಷಣೆ ಎಷ್ಟಿದೆ ಎಂಬುದನ್ನು ಹೇಳುವುದಿಲ್ಲ. ಅದರ ಬ್ರಾಂಜ್ ದರ್ಜೆ ಇದ್ದ ಮಾತ್ರಕ್ಕೆ ಕಣ್ಣು ಮುಚ್ಚಿ ನಂಬಬೇಡಿ. ಮೇಲೆ ಹೇಳಿದ ಕಾರ್ಡುಗಳಿಗೆಲ್ಲ 550ರಿಂದ 650 ವ್ಯಾಟಿನ, ಐದು ವರ್ಷ ವಾರಂಟಿಯ ಎಸ್‌ಎಂಪಿಎಸ್ ಸಾಕು. ಮುಂದೆ ದೊಡ್ಡ ಕಾರ್ಡಿನ ಆಸೆ ಇದ್ದರೆ ಈಗಲೇ 750 ತಗೊಳ್ಳಿ.

ಕ್ಯಾಬಿನೆಟ್ ಮುಟ್ಟಿದರೆ ಬೆರಳಿಗೆ ಜುಮ್ ಎನ್ನುತ್ತದೆಯೇ? ಅದು ಬಹುಮಟ್ಟಿಗೆ ಎಸ್‌ಎಂಪಿಎಸ್ ದೋಷವಲ್ಲ. ಅದರ ಫಿಲ್ಟರ್ ಕೆಪಾಸಿಟರುಗಳು ಸಣ್ಣ ಸೋರಿಕೆಯನ್ನು ಅರ್ಥ್‌ಗೆ ಬಿಡುತ್ತವೆ, ಮನೆಯಲ್ಲಿ ಅರ್ಥಿಂಗ್ ಇಲ್ಲದಿದ್ದಾಗ ಅದು ಕ್ಯಾಬಿನೆಟ್ಟಿನ ಮೇಲೇ ನಿಲ್ಲುತ್ತದೆ. ಹಳೆಯ ಮನೆಗಳಲ್ಲಿ ಮೂರು ಪಿನ್ನಿನ ಸಾಕೆಟ್ ಇದ್ದರೂ ಅದರ ಮೇಲಿನ ತೂತಿಗೆ ವೈರೇ ಬಂದಿರುವುದಿಲ್ಲ. ಪಿಸಿ ತರುವ ಮೊದಲು ಎಲೆಕ್ಟ್ರಿಷಿಯನ್ ಕರೆಸಿ ಪರೀಕ್ಷೆ ಮಾಡಿಸಿ.

ಯುಪಿಎಸ್‌ನಲ್ಲಿ 600 ವಿಎ ಎಂದರೆ ಸಾಮಾನ್ಯವಾಗಿ 360 ವ್ಯಾಟ್. ಆಟದ ನಡುವೆ ಪಿಸಿ, ಮಾನಿಟರ್ ಸೇರಿ 300 ದಾಟಿದ ಹೊತ್ತಿಗೆ ಕರೆಂಟ್ ಹೋದರೆ ಅದು ಬೀಪ್ ಎಂದು ಆಫ್ ಆಗುವ ಸಾಧ್ಯತೆಯೇ ಹೆಚ್ಚು. 1000–1100 ವಿಎ ಬೇಕು. ಇನ್ವರ್ಟರ್ ಮೇಲೆ ಓಡಿಸುವವರು ಪ್ಯೂರ್ ಸೈನ್ ವೇವ್ ಇರುವುದನ್ನು ಆರಿಸಿ ಯುಪಿಎಸ್ ಮೋಡ್‌ನಲ್ಲಿಡಿ. ಕರೆಂಟ್ ಹೋದಾಗ ಎಸ್‌ಎಂಪಿಎಸ್ ತಾನಾಗಿ ಹಿಡಿದಿಟ್ಟುಕೊಳ್ಳುವುದು ಸುಮಾರು 16 ಮಿಲಿಸೆಕೆಂಡ್. ಇಕೋ ಮೋಡ್‌ನಲ್ಲಿ ಬದಲಾವಣೆಗೆ ಅದಕ್ಕಿಂತ ಹೆಚ್ಚು ಹೊತ್ತು ಹಿಡಿದು ಪಿಸಿ ರೀಸ್ಟಾರ್ಟ್ ಆಗುತ್ತದೆ. ಮಲೆನಾಡಿನವರು ಏಪ್ರಿಲ್–ಮೇ ಸಿಡಿಲಿನ ದಿನಗಳಲ್ಲಿ ಪ್ಲಗ್ ಜೊತೆ ಇಂಟರ್‌ನೆಟ್ ಕೇಬಲ್ಲನ್ನೂ ಕಿತ್ತಿಡಿ. ಸಿಡಿಲು ಆ ದಾರಿಯಿಂದಲೂ ಬರುತ್ತದೆ.

ಕ್ಯಾಬಿನೆಟ್ ಆಯ್ಕೆ ಊರಿನ ಮೇಲೆ. ಕಲಬುರಗಿ, ರಾಯಚೂರಿನಲ್ಲಿ ಬೇಸಿಗೆ 40 ಡಿಗ್ರಿ ದಾಟುತ್ತದೆ. ಕೋಣೆಯ ಬಿಸಿ ಎಷ್ಟು ಏರುತ್ತದೋ ಚಿಪ್ಪಿನ ಬಿಸಿಯೂ ಹೆಚ್ಚುಕಡಿಮೆ ಅಷ್ಟೇ ಏರುತ್ತದೆ. ಮುಂದೆ ಗಾಜಿರುವ ಕ್ಯಾಬಿನೆಟ್ ಬಿಟ್ಟು ಜಾಲರಿಯದ್ದು, ಧೂಳಿನ ಫಿಲ್ಟರ್ ತೆಗೆದು ತೊಳೆಯಬಹುದಾದದ್ದು ತಗೊಳ್ಳಿ.

ನಿಮ್ಮ ಬಜೆಟ್ಟಿಗೆ

50 ಸಾವಿರದ ಆಸುಪಾಸಿನಲ್ಲಿ ಇರುವವರು ಕಾರ್ಡಿಲ್ಲದೆ ರೈಜೆನ್ 5 5600ಜಿ ಮೇಲೆ ಆರಂಭಿಸಬಹುದು. ವ್ಯಾಲೊರಂಟ್ ಆಡಲು ಅಡ್ಡಿಯಿಲ್ಲ. ಆದರೆ ಅಲ್ಲಿ ರ‍್ಯಾಮೇ ಕಾರ್ಡಿನ ಮೆಮೊರಿಯಾಗಿ ದುಡಿಯುವುದರಿಂದ 8 ಜಿಬಿಯ ಎರಡು ಸ್ಟಿಕ್ ಹಾಕಲೇಬೇಕು. ಎಸ್‌ಎಂಪಿಎಸ್ ಮಾತ್ರ ಮುಂದಿನ ಕಾರ್ಡನ್ನು ನೆನೆದು 550 ವ್ಯಾಟಿನದೇ ಇರಲಿ. ಇದೇ ಬೆಲೆಗೆ ಆನ್‌ಲೈನ್‌ನಲ್ಲಿ “ಐ7 ಗೇಮಿಂಗ್ ಪಿಸಿ, 4 ಜಿಬಿ ಗ್ರಾಫಿಕ್ಸ್” ಎಂಬ ಜಾಹೀರಾತು ಕಾಣುತ್ತದೆ. ವಿವರ ಓದಿದರೆ ಅದು 2011ರ ಐ7-2600, ಜೊತೆಗೆ 2014ರ ಜಿಟಿ 730 ಆಗಿರಬಹುದು. ನಾಲ್ಕೇ ಕೋರಿನ ಐ3-12100ಎಫ್ ಆ ಐ7ನ್ನು ಸುಲಭವಾಗಿ ಹಿಂದೆ ಹಾಕುತ್ತದೆ. ಮೇಲಾಗಿ ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ, ವಿಂಡೋಸ್ 11ರಲ್ಲಿ ವ್ಯಾಲೊರಂಟ್ ಟಿಪಿಎಂ 2.0 ಎಂಬ ಭದ್ರತಾ ಸೌಲಭ್ಯ ಕೇಳುತ್ತದೆ, ಆ ಬೋರ್ಡುಗಳಲ್ಲಿ ಅದಿಲ್ಲ.

70–90 ಸಾವಿರದವರಲ್ಲಿ ಡಿಡಿಆರ್4 ಕೈಯಲ್ಲಿದ್ದರೆ 5600 ಅಥವಾ 12400ಎಫ್ ಜೊತೆ 16 ಜಿಬಿ ಕಾರ್ಡು. ಇಲ್ಲದಿದ್ದರೆ 7500ಎಫ್, 16 ಜಿಬಿಯ ಒಂದು ಸ್ಟಿಕ್, ಜೊತೆಗೆ ಅಳವಿಗೆ ಸಿಕ್ಕಷ್ಟು ಕಾರ್ಡು. ಲಕ್ಷ ದಾಟಿದವರು 7600 ಜೊತೆ 1440ಪಿ ಮಾನಿಟರ್, ಆರ್‌ಎಕ್ಸ್ 9070 ಅಥವಾ ಆರ್‌ಟಿಎಕ್ಸ್ 5070 ಕಾರ್ಡಿನ ಕಡೆ ನೋಡಲಿ. 9800ಎಕ್ಸ್3ಡಿ ಅದ್ಭುತ ಪ್ರಾಸೆಸರ್, ನಿಜ; ಆದರೆ ಮಧ್ಯಮ ಕಾರ್ಡಿನ ಜೊತೆ ಅದರ ಅರ್ಧ ಶಕ್ತಿ ಸುಮ್ಮನೆ ಕೂತಿರುತ್ತದೆ.

ಬಿಲ್ಲು ಜಿಎಸ್‌ಟಿ ಸಮೇತ ಇರಲಿ, ಪ್ರತಿ ಭಾಗದ ಸೀರಿಯಲ್ ನಂಬರ್ ಅದರಲ್ಲಿ ಬರೆಸಿ. “ಬಿಲ್ ಬೇಡ ಅಂದ್ರೆ ಕಮ್ಮಿ ಆಗುತ್ತೆ” ಎಂದಾಗ ಬಿಟ್ಟುಕೊಡುತ್ತಿರುವುದು ಮೂರು ವರ್ಷದ ವಾರಂಟಿಯನ್ನು. ಮನೆಗೆ ತಂದ ಮೇಲೆ ಮಾನಿಟರ್ ಕೇಬಲ್ಲನ್ನು ಬೋರ್ಡಿಗಲ್ಲ, ಕಾರ್ಡಿಗೆ ಚುಚ್ಚಿ. ಬಯಾಸ್‌ನಲ್ಲಿ ಎಕ್ಸ್‌ಪೊ ಅಥವಾ ಎಕ್ಸ್‌ಎಂಪಿ ಆನ್ ಮಾಡಿ. ಮಾಡದಿದ್ದರೆ 6000 ವೇಗದ ಡಿಡಿಆರ್5 ರ‍್ಯಾಮ್ 4800ರಲ್ಲೇ ಓಡುತ್ತದೆ. ವಿಂಡೋಸ್ ಡಿಸ್‌ಪ್ಲೇ ಸೆಟ್ಟಿಂಗ್‌ನಲ್ಲಿ 60 ಹರ್ಟ್ಸ್ ಇದ್ದರೆ 144ಕ್ಕೆ ಬದಲಿಸಿ.

ಮನೆಯಲ್ಲೇ ಮೈನ್‌ಕ್ರಾಫ್ಟ್ ಸರ್ವರ್ ಬೇಕೆನ್ನುವವರಿಗೆ

ಗೆಳೆಯರು ಸೇರಿ ಆಡುವ ಆ ಸರ್ವರಿಗಾಗಿ ಗೇಮಿಂಗ್ ಪಿಸಿಯನ್ನು ಹಗಲು ರಾತ್ರಿ ಓಡಿಸಬೇಡಿ. ಹಳೆಯ ಆಫೀಸ್ ಡೆಸ್ಕ್‌ಟಾಪ್ ಸುಮ್ಮನೆ 50 ವ್ಯಾಟ್ ಎಳೆದರೂ ತಿಂಗಳಿಗೆ 36 ಯೂನಿಟ್. ಎನ್100 ಚಿಪ್ಪಿನ ಮಿನಿ ಪಿಸಿ 10 ವ್ಯಾಟ್ ಎಳೆದರೆ ಏಳು ಯೂನಿಟ್ ಚಿಲ್ಲರೆ. ಗೃಹಜ್ಯೋತಿಯಲ್ಲಿ ತಿಂಗಳ ಬಳಕೆ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ ಕಟ್ಟಬೇಕು. 170–180ರ ಹತ್ತಿರ ಇರುವ ಮನೆಗೆ ಆ ಹಳೆ ಡೆಸ್ಕ್‌ಟಾಪ್ ಒಂದೇ ಸಾಕು ಗಡಿ ದಾಟಿಸಲು.

ಮೈನ್‌ಕ್ರಾಫ್ಟ್ ಸರ್ವರ್ ಸೆಕೆಂಡಿಗೆ 20 ಟಿಕ್‌ನಂತೆ (ಆಟದ ಲೆಕ್ಕದ ಒಂದು ಸುತ್ತು ಒಂದು ಟಿಕ್), ಮುಖ್ಯ ಕೆಲಸವನ್ನೆಲ್ಲ ಒಂದೇ ಥ್ರೆಡ್‌ನಲ್ಲಿ ಮಾಡುತ್ತದೆ. ಕೋರುಗಳ ಸಂಖ್ಯೆಗಿಂತ ಒಂದೊಂದು ಕೋರಿನ ವೇಗ ಮುಖ್ಯ. ನಾಲ್ಕೈದು ಗೆಳೆಯರು, ಮಾಡ್ (ಹೊರಗಿನ ಸೇರ್ಪಡೆ) ಇಲ್ಲದ ಆಟಕ್ಕೆ ಎನ್100, ಸರ್ವರಿಗೆಂದು 4 ಜಿಬಿ ಮೆಮೊರಿ ಸಾಕು. ಭಾರದ ಮಾಡ್‌ಪ್ಯಾಕ್ ಇದ್ದರೆ, ಅಥವಾ ವಾರಾಂತ್ಯ ಮಾತ್ರ ಆಡುವುದಾದರೆ, ಮುಂಬೈ ಡೇಟಾ ಸೆಂಟರ್‌ನಲ್ಲಿ ಬಾಡಿಗೆ ಸರ್ವರ್ ತಗೊಳ್ಳುವುದೇ ಮೇಲು. ಗೆಳೆಯರು ಮೊಬೈಲ್‌ನಲ್ಲಿ ಆಡುವವರಾದರೆ ಜಾವಾ ಆವೃತ್ತಿ ಬೇಡ, ಬೆಡ್‌ರಾಕ್ ಆವೃತ್ತಿಯ ಸರ್ವರ್ ಹಾಕಿ.

ಮಿನಿ ಪಿಸಿ ಆರ್ಡರ್ ಮಾಡುವ ಮುನ್ನ ಒಂದು ಪರೀಕ್ಷೆ. ರೂಟರ್‌ನ ಪೇಜ್ ತೆರೆದು ವ್ಯಾನ್ ಐಪಿ (ಇಂಟರ್‌ನೆಟ್ ಕಂಪನಿ ಕೊಟ್ಟ ವಿಳಾಸ) ನೋಡಿ. ಅದು 100.64ರಿಂದ 100.127ರ ನಡುವೆ ಶುರುವಾಗಿದ್ದರೆ ನಿಮ್ಮದು ಸಿಜಿನ್ಯಾಟ್ (ಹಲವು ಮನೆಗಳು ಒಂದೇ ಹೊರ ವಿಳಾಸ ಹಂಚಿಕೊಳ್ಳುವ ವ್ಯವಸ್ಥೆ) ಹಿಂದಿನ ಸಂಪರ್ಕ. ಮೈನ್‌ಕ್ರಾಫ್ಟ್‌ನ ಪೋರ್ಟ್ 25565 ತೆರೆದರೂ ಹೊರಗಿನ ಗೆಳೆಯರು ಒಳಬರಲಾರರು. ಆಗ ಇಂಟರ್‌ನೆಟ್ ಕಂಪನಿಗೆ ಫೋನ್ ಮಾಡಿ ಸ್ಟ್ಯಾಟಿಕ್ ಐಪಿಗೆ (ಬದಲಾಗದ ಸ್ವಂತ ವಿಳಾಸಕ್ಕೆ) ತಿಂಗಳಿಗೆ ಎಷ್ಟು ಎಂದು ಕೇಳಿ, ಅದನ್ನು ಬಾಡಿಗೆ ಸರ್ವರಿನ ದರದ ಪಕ್ಕ ಇಟ್ಟು ನೋಡಿ. ಟೇಲ್‌ಸ್ಕೇಲ್‌ನಂಥ ವಿಪಿಎನ್‌ನಲ್ಲಿ ಗೆಳೆಯರನ್ನು ಸೇರಿಸಿಕೊಂಡರೆ ಸ್ಟ್ಯಾಟಿಕ್ ಐಪಿ ಇಲ್ಲದೆಯೂ ನಡೆಯುತ್ತದೆ, ಆದರೆ ಪ್ರತಿಯೊಬ್ಬರೂ ಅದನ್ನು ತಮ್ಮ ತಮ್ಮ ಪಿಸಿಯಲ್ಲಿ ಹಾಕಿಕೊಳ್ಳಬೇಕು.